ಭರಮಸಾಗರದ ಹತ್ತಿರ ಟೈಮಿಂಗ್ ಬೆಲ್ಟ್ ಕಟ್ ಆಯ್ತು: ಹೊಸ ಬೆಲ್ಟ್ ಹಾಕಿದರೆ ಸಾಕಾ, ಹೆಡ್ ಬಿಚ್ಚಿಸಬೇಕಾ?

ಬೆಣ್ಣೆನಗರಿ_17

ಎಂಜಿನ್ ಕೆಲಸ ಗೊತ್ತಿರುವವರು ದಯವಿಟ್ಟು ಓದಿ ಹೇಳಿ. ಇವತ್ತು ನಾಳೆಯಲ್ಲಿ ತೀರ್ಮಾನ ಮಾಡಬೇಕಿದೆ.

ನನ್ನದು 2014ರ ಡಸ್ಟರ್, 1.5 ಡೀಸೆಲ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಮೀಟರ್ ಒಂದು ಲಕ್ಷ ದಾಟಿದೆ. ಟೈಮಿಂಗ್ ಬೆಲ್ಟ್ ಚೇಂಜ್ ಮಾಡಿಸಿದ್ದೇನೆ ಅಂತ ಹಿಂದಿನ ಓನರ್ ಹೇಳಿದ್ದರು. ಬಿಲ್ ಇರಲಿಲ್ಲ.

ಮೊನ್ನೆ ಚಿತ್ರದುರ್ಗದಿಂದ ದಾವಣಗೆರೆಗೆ ಬರುತ್ತಿದ್ದೆವು. ಭರಮಸಾಗರ ದಾಟಿದ ಮೇಲೆ ಎಂಜಿನ್ ಒಮ್ಮೆಲೇ ಬಂದ್. ಹೊಗೆ ಇಲ್ಲ, ಜರ್ಕ್ ಇಲ್ಲ. ಬಾನೆಟ್ ಒಳಗಿಂದ 'ಟಪ್' ಅಂತ ಸಣ್ಣ ಸದ್ದು ಬಂತು, ಬ್ಯಾಟರಿ ಲೈಟ್, ಆಯಿಲ್ ಲೈಟ್ ಒಟ್ಟಿಗೆ ಹತ್ತಿಕೊಂಡವು. ಸ್ಟೇರಿಂಗ್ ಬಿಗಿಯಾಯಿತು. ಗಾಡಿಗೆ ಓಟ ಇದ್ದಿದ್ದರಿಂದ ಎಡಕ್ಕೆ ತಂದು ನಿಲ್ಲಿಸೋಕೆ ಆಯ್ತು. ಆಮೇಲೆ ಸೆಲ್ಫ್ ಹೊಡೆದರೆ ಎಂಜಿನ್ ಗಿರ್ ಅಂತ ಸಲೀಸಾಗಿ ತಿರುಗುತ್ತೆ, ಹತ್ತಿಕೊಳ್ಳಲ್ಲ.

ದಾವಣಗೆರೆಗೆ ಟೋ ಮಾಡಿಸಿದೆ. ಮೇಲಿನ ಪ್ಲಾಸ್ಟಿಕ್ ಕವರ್ ತೆಗೆದು ನೋಡಿದರೆ ಬೆಲ್ಟ್ ತುಂಡಾಗಿ ಬಿದ್ದಿದೆ. ಗ್ಯಾರೇಜಿನವರು "ಹೊಸ ಬೆಲ್ಟ್ ಹಾಕಿ ಸ್ಟಾರ್ಟ್ ಮಾಡಿ ನೋಡೋಣ, ಹತ್ತಿಕೊಂಡ್ರೆ ಅಲ್ಲಿಗೆ ಮುಗೀತು" ಅಂತಾರೆ. ಇನ್ನೊಬ್ಬರು ಹೆಡ್ (ವಾಲ್ವ್‌ಗಳು ಕೂತಿರೋ ಎಂಜಿನ್ನಿನ ಮೇಲ್ಭಾಗ) ಬಿಚ್ಚದೆ ಏನೂ ಮಾಡಬೇಡಿ ಅಂತಾರೆ. ಮೂರನೆಯವರು ಬೆಂಗಳೂರಿಂದ ಹಳೇ ಎಂಜಿನ್ ತರಿಸಿ ಕೂರಿಸೋದೇ ಒಳ್ಳೇದು ಅಂದರು. ಯಾರ ಮಾತು ಕೇಳಲಿ?

ಕಲ್ಲಿನಕೋಟೆ_16

ಸೆಲ್ಫ್ ಹೊಡೆಯೋದು ಇಲ್ಲಿಗೇ ನಿಲ್ಲಿಸಿ ಅಣ್ಣ. ಯಾರಿಗೂ ಕೀ ಕೊಡಬೇಡಿ. ತಳ್ಳಿ ಸ್ಟಾರ್ಟ್ ಮಾಡೋಕೂ ಬಿಡಬೇಡಿ. ಉಳಿದದ್ದನ್ನ ಕೆಲಸ ಗೊತ್ತಿರುವವರು ಹೇಳುತ್ತಾರೆ.

ಗ್ರೀಸ್_ಕೈ

ದಾವಣಗೆರೆಯಲ್ಲೇ ನನ್ನದೂ ಒಂದು ಶೆಡ್ ಇದೆ. ಡೀಸೆಲ್ ಗಾಡಿಗಳೇ ಜಾಸ್ತಿ ಬರೋದು. ಹಾಗಾಗಿ ಸ್ವಲ್ಪ ಬಿಡಿಸಿ ಬರೀತೀನಿ.

ಅಣ್ಣ, ಮೊದಲು ಬ್ಯಾಟರಿ ಮೈನಸ್ ವೈರ್ ತೆಗೆಸಿ. ಗ್ಯಾರೇಜಲ್ಲಿ ಹುಡುಗರು ಸುಮ್ನೆ ಒಂದು ಸಲ ಕೀ ತಿರುಗಿಸಿ ನೋಡುತ್ತಾರೆ. ಆ ಒಂದು ಸಲವೂ ಬೇಡ.

ಯಾಕೆ ಅಂತ ಹೇಳ್ತೀನಿ. ಕೆಳಗಡೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸೋ ದಂಡ) ಎರಡು ಸುತ್ತು ತಿರುಗಿದರೆ ಮೇಲೆ ಕ್ಯಾಮ್ (ವಾಲ್ವ್ ತೆರೆಯೋ ದಂಡ) ಒಂದು ಸುತ್ತು ತಿರುಗಬೇಕು. ಈ ಲೆಕ್ಕ ಹಿಡಿದಿಡೋದೇ ಟೈಮಿಂಗ್ ಬೆಲ್ಟ್. ಎಂಜಿನ್ 2000 ಆರ್‌ಪಿಎಂನಲ್ಲಿ ಓಡುತ್ತಿದೆ ಅಂದ್ಕೊಳ್ಳಿ. ಒಂದೊಂದು ವಾಲ್ವ್ (ಗಾಳಿ ಒಳಗೆ, ಹೊಗೆ ಹೊರಗೆ ಬಿಡೋ ಮುಚ್ಚಳ) ನಿಮಿಷಕ್ಕೆ 1000 ಸಲ ತೆರೆದು ಮುಚ್ಚುತ್ತೆ. ಸೆಕೆಂಡಿಗೆ ಹದಿನಾರು ಸಲಕ್ಕಿಂತ ಜಾಸ್ತಿ. ವಾಲ್ವ್ ಕೆಳಗೆ ಬಂದಾಗ ಪಿಸ್ಟನ್ ಇಳಿದಿರಬೇಕು, ಪಿಸ್ಟನ್ ಮೇಲೆ ಬರೋ ಹೊತ್ತಿಗೆ ವಾಲ್ವ್ ಮುಚ್ಚಿರಬೇಕು. ಇಬ್ಬರೂ ಒಂದೇ ಜಾಗವನ್ನ ಸರದಿ ಮೇಲೆ ಬಳಸುತ್ತಾರೆ.

ಬೆಲ್ಟ್ ಕಟ್ ಆದ ಕ್ಷಣ ಕ್ಯಾಮ್ ನಿಂತುಬಿಡುತ್ತೆ. ಕೆಲವು ವಾಲ್ವ್ ತೆರೆದ ಸ್ಥಿತಿಯಲ್ಲೇ ಉಳಿಯುತ್ತವೆ. ಆದರೆ ಕ್ರ್ಯಾಂಕ್ ನಿಲ್ಲಲ್ಲ. ಗಾಡಿ ಗೇರಲ್ಲಿ ಇದ್ದರೆ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತೆ. ಪಿಸ್ಟನ್ ಮೇಲೆ ಬಂದು ವಾಲ್ವಿಗೆ ಹೊಡೆಯುತ್ತೆ, ವಾಲ್ವ್ ಬೆಂಡ್ ಆಗುತ್ತೆ. ಸೆಲ್ಫ್ ಹೊಡೆದಾಗಲೂ ಅದೇ ಕಥೆ, ವೇಗ ಕಡಿಮೆ ಅಷ್ಟೇ.

ಎಂಜಿನ್ ಸಲೀಸಾಗಿ ತಿರುಗಿತು ಅಂದ್ರಲ್ಲ, ಅದೇ ಗುರುತು. ಒಳಗೆ ಕಂಪ್ರೆಷನ್ (ಗಾಳಿ ಒತ್ತಿದಾಗ ಬರೋ ಒತ್ತಡ) ಕಟ್ಟುತ್ತಿಲ್ಲ. ಚೆನ್ನಾಗಿರೋ ಡೀಸೆಲ್ ಎಂಜಿನ್ ಸೆಲ್ಫ್ ಹೊಡೆದಾಗ ಹುಂ, ಹುಂ ಅಂತ ತಡೆದು ತಡೆದು ತಿರುಗಬೇಕು.

ನಿಮ್ಮ ಎಂಜಿನ್ 1461 ಸಿಸಿ ಕೆ9ಕೆ. ನಾಲ್ಕು ಸಿಲಿಂಡರ್, ಎಂಟು ವಾಲ್ವ್, ಒಂದು ಕ್ಯಾಮ್. ಇದರಲ್ಲಿ ಬೆಲ್ಟ್ ಹೋದರೆ ವಾಲ್ವ್ ಪಿಸ್ಟನ್‌ಗೆ ತಾಗುತ್ತೆ. ಟೆರಾನೊ, ಡೀಸೆಲ್ ಸನ್ನಿ, ಡೀಸೆಲ್ ಮೈಕ್ರಾ, ವೆರಿಟೊ, ಇವುಗಳಲ್ಲೂ ಇರೋದು ಇದೇ ಕುಟುಂಬದ ಎಂಜಿನ್. ಹೊಸ ಬೆಲ್ಟ್ ಹಾಕಿ ಸ್ಟಾರ್ಟ್ ಮಾಡಿ ನೋಡೋಣ ಅನ್ನೋ ಮಾತಿಗೆ ಒಪ್ಪಬೇಡಿ.

ಮೆಕ್ಕೆಜೋಳ_ರೈತ

ಬೇಜಾರು ಮಾಡ್ಕೋಬೇಡಿ, ಆದರೆ ನನ್ನ ಅನುಭವ ಬೇರೆ. ನಮ್ಮ ಮನೆಯ ಎಸ್ಟೀಮ್‌ಗೆ ಆನಗೋಡಿನ ಹತ್ತಿರ ಹೀಗೇ ಆಗಿತ್ತು. ಹೊಸ ಬೆಲ್ಟ್ ಹಾಕಿದ್ರು, ಸ್ಟಾರ್ಟ್ ಆಯ್ತು, ಆಮೇಲೆ ವರ್ಷಗಟ್ಟಲೆ ಓಡಿತು. ಹೆಡ್ ಮುಟ್ಟಲೇ ಇಲ್ಲ. ಎಲ್ಲದಕ್ಕೂ ಹೆಡ್ ಬಿಚ್ಚಿ ಅಂತ ಹೆದರಿಸಿದರೆ ಬಡವನ ಗತಿ ಏನು?

ಗ್ರೀಸ್_ಕೈ

ನಿಮ್ಮ ಮಾತು ಸುಳ್ಳಲ್ಲ ಅಣ್ಣ. ಎಸ್ಟೀಮಿನ 1.3 ಪೆಟ್ರೋಲ್ ಎಂಜಿನ್ನಿನಲ್ಲಿ ವಾಲ್ವ್ ಪೂರ್ತಿ ತೆರೆದಿದ್ದರೂ ಪಿಸ್ಟನ್ ತಾಗಲ್ಲ. ಅಷ್ಟು ಜಾಗ ಬಿಟ್ಟು ಮಾಡಿದ್ದರು. ಬೆಲ್ಟ್ ಹಾಕಿ ಟೈಮಿಂಗ್ ಕೂರಿಸಿದರೆ ಮುಗೀತು. ಊರಲ್ಲಿ "ಬೆಲ್ಟ್ ಹಾಕಿ ನೋಡೋಣ" ಅನ್ನೋ ಅಭ್ಯಾಸ ಬಂದಿದ್ದೇ ಅಂಥ ಗಾಡಿಗಳಿಂದ.

ಡೀಸೆಲ್ಲಿಗೆ ಅದು ನಡೆಯಲ್ಲ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ, ಗಾಳಿಯನ್ನ ಒತ್ತಿ ಒತ್ತಿ ಕಾಯಿಸಿಯೇ ಡೀಸೆಲ್ ಹೊತ್ತಿಸಬೇಕು. ಅಷ್ಟು ಒತ್ತಡ ಬರಬೇಕಾದರೆ ಪಿಸ್ಟನ್ ಹೆಚ್ಚುಕಡಿಮೆ ಹೆಡ್‌ಗೆ ತಾಗೋವರೆಗೆ ಬರಬೇಕು. ನಡುವೆ ಉಳಿಯೋ ಜಾಗ ಮಿಲಿಮೀಟರ್ ಲೆಕ್ಕದ್ದು. ತೆರೆದ ವಾಲ್ವಿಗೆ ಅಲ್ಲಿ ಜಾಗವೇ ಇಲ್ಲ.

ಬಡವನ ಗತಿ ಅಂದ್ರಲ್ಲ, ಅದಕ್ಕೇ ಹೇಳ್ತಿರೋದು. ಬೆಂಡ್ ಆದ ವಾಲ್ವ್ ಇಟ್ಟುಕೊಂಡು ಸ್ಟಾರ್ಟ್ ಮಾಡಿದರೆ ಕೆಲವೊಮ್ಮೆ ಮೂರು ಸಿಲಿಂಡರಲ್ಲಿ ಹತ್ತಿಕೊಳ್ಳುತ್ತೆ. ಓಡಿಸುತ್ತಾ ಹೋದರೆ ಒಂದು ದಿನ ವಾಲ್ವಿನ ತಲೆ ಮುರಿದು ಸಿಲಿಂಡರ್ ಒಳಗೆ ಬೀಳುತ್ತೆ. ಆಗ ಪಿಸ್ಟನ್, ಬ್ಲಾಕ್ (ಸಿಲಿಂಡರ್ ಇರೋ ಎಂಜಿನ್ನಿನ ಒಡಲು), ಹೆಡ್ ಎಲ್ಲಾ ಹೋಗುತ್ತೆ. ಈಗ ಹೆಡ್ ಕೆಲಸದಲ್ಲಿ ಮುಗಿಯೋದು ಆಗ ಎಂಜಿನ್ ಬೆಲೆಗೆ ಬರುತ್ತೆ.

ಬೆಣ್ಣೆನಗರಿ_17

ಅರ್ಥ ಆಯ್ತು. ಆದರೆ ಹೆಡ್ ಬಿಚ್ಚೋಕೆ ಮುಂಚೆಯೇ ವಾಲ್ವ್ ಬೆಂಡ್ ಆಗಿದೆಯಾ ಅಂತ ಖಾತ್ರಿ ಮಾಡ್ಕೊಳ್ಳೋಕೆ ದಾರಿ ಇಲ್ವಾ? ಬಿಚ್ಚಿದ ಮೇಲೆ ಸುಮ್ನೆ ಬಿಚ್ಚಿಸಿದೆವಲ್ಲ ಅನ್ನಿಸಬಾರದು.

ಗ್ರೀಸ್_ಕೈ

ಇದೆ. ಗಾಳಿ ಹೊಡೆದು ನೋಡೋದು. ನಿಮ್ಮ ಕಣ್ಣೆದುರೇ ಮಾಡಿಸಿ.

ಬೆಲ್ಟ್ ಇಲ್ಲದೆ ಇದು ಆಗಲ್ಲ. ಮೊದಲು ಬೆಲ್ಟ್ ತಾತ್ಕಾಲಿಕವಾಗಿ ಕೂರಿಸಿ ಟೈಮಿಂಗ್ ಹೊಂದಿಸಬೇಕು. ಎಂಜಿನ್ನನ್ನು ಸ್ಪ್ಯಾನರ್ ಹಾಕಿ ಕೈಯಲ್ಲಿ ಮಾತ್ರ ನಿಧಾನಕ್ಕೆ ತಿರುಗಿಸಬೇಕು. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಒತ್ತಬಾರದು, ಅಲ್ಲೇ ನಿಲ್ಲಿಸಬೇಕು. ಒಂದೊಂದೇ ಸಿಲಿಂಡರನ್ನು ಎರಡೂ ವಾಲ್ವ್ ಮುಚ್ಚಿರೋ ಜಾಗಕ್ಕೆ, ಪಿಸ್ಟನ್ ಮೇಲಿರೋ ಜಾಗಕ್ಕೆ ತಂದು ನಿಲ್ಲಿಸಿ, ಗ್ಲೋ ಪ್ಲಗ್ (ಸ್ಟಾರ್ಟ್ ಮಾಡುವಾಗ ಸಿಲಿಂಡರ್ ಕಾಯಿಸೋ ಪ್ಲಗ್) ಬಿಚ್ಚಿ ಆ ತೂತಿನಿಂದ ಕಂಪ್ರೆಸರ್ ಗಾಳಿ ಬಿಡಬೇಕು. ಪೆಟ್ರೋಲ್ ಗಾಡಿಯಾದರೆ ಸ್ಪಾರ್ಕ್ ಪ್ಲಗ್ ತೂತಿನಿಂದ. ಗಾಡಿಯನ್ನ ನ್ಯೂಟ್ರಲ್‌ನಲ್ಲಿ ಬಿಟ್ಟರೆ ಗಾಳಿಯ ಒತ್ತಡಕ್ಕೆ ಪಿಸ್ಟನ್ ಇಳಿದುಬಿಡುತ್ತೆ, ಕ್ರ್ಯಾಂಕ್ ಹಿಡಿದಿರಬೇಕು.

ಈಗ ಕಿವಿ ಇಟ್ಟು ಕೇಳಿ. ಏರ್ ಫಿಲ್ಟರ್ ಪೈಪಿನಲ್ಲಿ ಸುಯ್ ಅಂತ ಬಂದರೆ ಇಂಟೇಕ್ ವಾಲ್ವ್ ಕೂರುತ್ತಿಲ್ಲ. ಸೈಲೆನ್ಸರ್ ಕೊನೆಯಲ್ಲಿ ಬಂದರೆ ಎಕ್ಸಾಸ್ಟ್ ವಾಲ್ವ್. ಆಯಿಲ್ ಹಾಕೋ ಮುಚ್ಚಳದ ಹತ್ತಿರ ಜೋರಾಗಿ ಬಂದರೆ ಪಿಸ್ಟನ್ ರಿಂಗಿನ ಕಡೆ ಸಮಸ್ಯೆ. ಕೂಲಂಟ್ ಡಬ್ಬಿಯಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ರಿಂಗ್ ಕಡೆಯಿಂದ ಸ್ವಲ್ಪ ಸೋರೋದು ಒಳ್ಳೆ ಎಂಜಿನ್ನಿನಲ್ಲೂ ಇರುತ್ತೆ, ಅದಕ್ಕೆ ಹೆದರಬೇಡಿ. ವಾಲ್ವ್ ಕಡೆಯಿಂದ ಧಾರಾಳವಾಗಿ ಬಂದರೆ ಹೆಡ್ ಬಿಚ್ಚದೆ ದಾರಿ ಇಲ್ಲ.

ಟ್ಯಾಪೆಟ್ (ಕ್ಯಾಮ್‌ಗೂ ವಾಲ್ವಿಗೂ ನಡುವಿನ ಭಾಗ) ಕವರ್ ತೆಗೆದು ಫೀಲರ್ ಗೇಜ್ (ಸಂದು ಅಳೆಯೋ ತೆಳು ಪಟ್ಟಿ) ಹಾಕಿದರೂ ತಿಳಿಯುತ್ತೆ. ಬೆಂಡ್ ಆದ ವಾಲ್ವ್ ಪೂರ್ತಿ ಮೇಲೆ ಬರಲ್ಲ, ಹಾಗಾಗಿ ಕ್ಯಾಮ್‌ಗೂ ಟ್ಯಾಪೆಟ್‌ಗೂ ನಡುವಿನ ಸಂದು ಉಳಿದವುಗಳಿಗಿಂತ ಜಾಸ್ತಿ ಕಾಣುತ್ತೆ. ಸಂದನ್ನ ತಾನೇ ಸರಿ ಮಾಡ್ಕೊಳ್ಳೋ ಹೈಡ್ರಾಲಿಕ್ ಟ್ಯಾಪೆಟ್ ಇರೋ ಎಂಜಿನ್ನಿನಲ್ಲಿ ಈ ಲೆಕ್ಕ ನಂಬೋಕಾಗಲ್ಲ. ನಿಮ್ಮದರಲ್ಲಿ ನಡೆಯುತ್ತೆ.

ಹಿರಿಯೂರು_ಸಾರಥಿ

ಟೂರಿಸ್ಟ್ ಗಾಡಿ ಓಡಿಸೋನು ನಾನು. ಹಳೇ ಇನ್ನೋವಾ 2.5. ಅದರಲ್ಲೂ ಬೆಲ್ಟೇ. ಆದರೆ ಬೆಲ್ಟ್ ಬದಲಾಯಿಸೋ ಹೊತ್ತಿಗೆ ಮೀಟರ್ ಬೋರ್ಡಲ್ಲಿ ಟಿ-ಬೆಲ್ಟ್ ಅಂತ ಲೈಟ್ ಬರುತ್ತೆ. ಕಿ.ಮೀ. ಲೆಕ್ಕಕ್ಕೆ ಬರೋ ಲೈಟ್ ಅದು, ಬೆಲ್ಟ್ ಹಾಳಾಗಿದೆ ಅಂತ ನೋಡಿ ಬರೋದಲ್ಲ. ಬೆಲ್ಟ್ ಹಾಕಿದ ಮೇಲೆ ಅದನ್ನ ರೀಸೆಟ್ ಮಾಡಬೇಕು. ಬರೀ ಲೈಟ್ ರೀಸೆಟ್ ಮಾಡಿ ಮಾರಿದ ಗಾಡಿಗಳನ್ನೂ ನೋಡಿದೀನಿ. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಹುಷಾರಾಗಿರಿ. ಕ್ರಿಸ್ಟಾ 2.4ನಲ್ಲಿ ಚೈನ್ ಬಂತು.

ಹೈವೇಯಲ್ಲಿ ಎಂಜಿನ್ ಹೀಗೆ ಬಂದ್ ಆದಾಗ ಏನು ಮಾಡಬೇಕು ಅನ್ನೋದನ್ನ ಯಾರೂ ಬರೆದಿಲ್ಲ, ನಾನು ಬರೀತೀನಿ. ತಕ್ಷಣ ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿ. ಚಕ್ರ ಎಂಜಿನ್ನನ್ನು ತಿರುಗಿಸೋದು ಅಲ್ಲಿಗೆ ನಿಲ್ಲುತ್ತೆ. ಕೀ ಪೂರ್ತಿ ತೆಗೆಯಬೇಡಿ, ಸ್ಟೇರಿಂಗ್ ಲಾಕ್ ಆಗುತ್ತೆ. ಬ್ರೇಕಿಗೆ ಎಂಜಿನ್ನಿನ ಸಹಾಯ ಇರಲ್ಲ, ಬೂಸ್ಟರಿನಲ್ಲಿ ಉಳಿದಿರೋ ವ್ಯಾಕ್ಯೂಮ್ ಎರಡು ಮೂರು ಸಲಕ್ಕೆ ಖಾಲಿ. ಆದ್ದರಿಂದ ಬ್ರೇಕ್ ಪಂಪ್ ಮಾಡಬೇಡಿ. ಒಂದೇ ಸಲ ಹಿಡಿದು ಗಟ್ಟಿಯಾಗಿ ಒತ್ತಿ. ಸ್ಟೇರಿಂಗ್ ಬಿಗಿ ಇದ್ದರೂ ತಿರುಗುತ್ತೆ, ಬಲ ಹಾಕಬೇಕು ಅಷ್ಟೇ.

ನಿಂತ ಮೇಲೆ ನಾಲ್ಕೂ ಇಂಡಿಕೇಟರ್ ಹಾಕಿ, ಜನರನ್ನೆಲ್ಲ ಇಳಿಸಿ ಕಬ್ಬಿಣದ ತಡೆಗೋಡೆಯ ಆಚೆ ನಿಲ್ಲಿಸಿ. ಗಾಡಿ ಒಳಗೆ ಮಕ್ಕಳನ್ನ ಕೂರಿಸಬೇಡಿ. ರಾತ್ರಿ ಹೊತ್ತು ಹೆದ್ದಾರಿ 48ರಲ್ಲಿ ಲಾರಿಗಳು ಹೇಗೆ ಬರುತ್ತವೆ ಅಂತ ನಿಮಗೆಲ್ಲ ಗೊತ್ತು. 1033ಗೆ ಫೋನ್ ಮಾಡಿ. ಅದು ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ. ಟೋಚನ್ ಹಗ್ಗ ಕಟ್ಟಿ ಎಳೆಸಿದರೂ ಗೇರ್ ನ್ಯೂಟ್ರಲ್‌ನಲ್ಲೇ ಇರಲಿ.

ಹೊಳಲ್ಕೆರೆ_ಟೀಚರ್

ಇದನ್ನೆಲ್ಲ ಓದಿ ನನಗೂ ಚಿಂತೆ ಶುರುವಾಯ್ತು. ನಮ್ಮದು 2016ರ ಪೋಲೊ, 1.5 ಡೀಸೆಲ್. ಸ್ಕೂಲಿಗೆ, ಸಂತೆಗೆ, ವರ್ಷಕ್ಕೊಮ್ಮೆ ತವರಿಗೆ. 40 ಸಾವಿರ ಕಿ.ಮೀ. ಕೂಡ ಓಡಿಲ್ಲ. ಬೆಲ್ಟ್ ಇನ್ನೂ ಹೊಸದರ ಹಾಗೇ ಇರುತ್ತಲ್ವಾ?

ಬಿಡಿಟಿ_ಹಳೆವಿದ್ಯಾರ್ಥಿ

ಇಲ್ಲ ಮೇಡಂ. ನಿಮ್ಮ ಗಾಡಿಯದೂ ಬೆಲ್ಟ್ ಎಂಜಿನ್ನೇ. ದಯವಿಟ್ಟು ಅದನ್ನು ಈ ವರ್ಷವೇ ಬದಲಾಯಿಸಿ.

ಬೆಲ್ಟಿನ ಒಳಗೆ ಗಾಜಿನ ನಾರಿನ ಹುರಿಗಳಿರುತ್ತವೆ. ಎಳೆತ ತಡೆಯೋದು ಅವು. ಸುತ್ತಲೂ ರಬ್ಬರ್, ಹಲ್ಲುಗಳ ಮೇಲೆ ಬಟ್ಟೆಯ ಪದರ. ಓಡಿದರೆ ಹಲ್ಲು ಸವೆಯುತ್ತೆ. ಓಡದೆ ನಿಂತರೂ ಬಿಸಿಗೆ, ಗಾಳಿಗೆ, ವಯಸ್ಸಿಗೆ ರಬ್ಬರ್ ಗಟ್ಟಿಯಾಗಿ ಸೀಳು ಬಿಡುತ್ತೆ. ಅದಕ್ಕೇ ಕಂಪನಿ ಪುಸ್ತಕದಲ್ಲಿ ಇಷ್ಟು ಕಿ.ಮೀ. ಅಥವಾ ಇಷ್ಟು ವರ್ಷ, ಯಾವುದು ಮೊದಲೋ ಅದು ಅಂತ ಬರೆದಿರೋದು. ಕಿ.ಮೀ. ಮಾತ್ರ ನೋಡಿ ವರ್ಷ ಮರೆಯೋರೇ ಹೆಚ್ಚು. ಕಮ್ಮಿ ಓಡುವ ಗಾಡಿಗೆ ವರ್ಷವೇ ಮೊದಲು ಬರುತ್ತೆ.

ನಮ್ಮ ಕಡೆ ಇನ್ನೊಂದು ಇದೆ. ಏಪ್ರಿಲ್, ಮೇ ಬಿಸಿಲು, ಜೊತೆಗೆ ಧೂಳು. ಭೀಮಸಮುದ್ರದ ಕಡೆ ಅದಿರು ಲಾರಿ ಓಡುವ ರಸ್ತೆಯಲ್ಲಿ ದಿನಾ ಓಡಾಡುವ ಗಾಡಿಯ ಬೆಲ್ಟ್ ಕವರ್ ತೆಗೆದರೆ ಒಳಗೂ ಕೆಂಪು ಪುಡಿ ಕೂತಿರುತ್ತೆ. ಕವರಿನ ಕ್ಲಿಪ್ ಒಂದು ಮುರಿದಿದ್ದರೂ ಸಾಕು. ಸರ್ವಿಸ್ ಮಾಡಿಸುವಾಗ ಆ ಕವರ್ ಸರಿಯಾಗಿ ಕೂತಿದೆಯಾ ಅಂತ ನೋಡಿ.

ಆಯಿಲ್ ಬೆಲ್ಟಿಗೆ ವಿಷ. ಕ್ರ್ಯಾಂಕ್ ಸೀಲ್, ಕ್ಯಾಮ್ ಸೀಲ್ ಸೋರಿ ಬೆಲ್ಟ್ ನೆನೆದರೆ ರಬ್ಬರ್ ಉಬ್ಬಿ ಹಲ್ಲು ಕಳಚುತ್ತೆ. ಹೊರಗಿನ ಆಲ್ಟರ್ನೇಟರ್ ಬೆಲ್ಟ್ ಹರಿದು, ಅದರ ಎಳೆಗಳು ಕ್ರ್ಯಾಂಕ್ ಪುಲ್ಲಿಯ ಹಿಂದಿನಿಂದ ಒಳಗೆ ನುಗ್ಗಿ ಟೈಮಿಂಗ್ ಬೆಲ್ಟ್ ಜಾರಿಸಿದ ಉದಾಹರಣೆಗಳೂ ಇವೆ. ಆದ್ದರಿಂದ ಹೊರಗಿನ ಬೆಲ್ಟ್ ಅಂಚು ಹರಿದಿದ್ದರೆ ನಿರ್ಲಕ್ಷ್ಯ ಬೇಡ.

ಕ್ಯಾಮ್ ತಿರುಗಿಸೋಕೆ ಹಲ್ಲಿನ ಬೆಲ್ಟ್ ಹಾಕಿ ದೊಡ್ಡ ಸಂಖ್ಯೆಯಲ್ಲಿ ಕಾರು ಮಾಡಿದವರಲ್ಲಿ ಮೊದಲಿಗರು ಜರ್ಮನಿಯ ಗ್ಲಾಸ್ ಕಂಪನಿಯವರು. 1962ರ ಗ್ಲಾಸ್ 1004 ಕಾರು. ಸದ್ದು ಕಮ್ಮಿ, ತೂಕ ಕಮ್ಮಿ, ಆಯಿಲ್ ಬೇಡ, ಖರ್ಚೂ ಕಮ್ಮಿ. ನಾನು ಬೆಲ್ಟನ್ನು ಕೆಟ್ಟ ವಿನ್ಯಾಸ ಅಂತ ಹೇಳಲ್ಲ. ಆಯಸ್ಸು ಗೊತ್ತಿರುವ ವಸ್ತು ಅದು. ಆಯಸ್ಸಿಗೆ ಮುಂಚೆ ಬದಲಾಯಿಸಿದರೆ ಒಳ್ಳೆಯ ವಿನ್ಯಾಸವೇ.

ಹೊಳಲ್ಕೆರೆ_ಟೀಚರ್

ತುಂಬಾ ಥ್ಯಾಂಕ್ಸ್ ಸರ್. ಪುಸ್ತಕ ತೆಗೆದು ನೋಡ್ತೀನಿ. ಬೆಲ್ಟನ್ನು ಕಣ್ಣಲ್ಲಿ ನೋಡಿ ಚೆನ್ನಾಗಿದೆ ಅಂತ ಹೇಳೋಕಾಗುತ್ತಾ? ಇಲ್ಲಿ ಒಬ್ಬರು ನೋಡಿ ಹೇಳ್ತೀನಿ ಅಂದ್ರು.

ಗ್ರೀಸ್_ಕೈ

ಕೆಟ್ಟಿದ್ದರೆ ಕಣ್ಣಿಗೆ ಕಾಣಬಹುದು ಅಕ್ಕ. ಸೀಳು, ಅಂಚು ಹರಿದಿರೋದು, ಹಲ್ಲು ಹೋಗಿರೋದು, ಆಯಿಲ್ ಜಿಡ್ಡು. ಆದರೆ ಕಾಣಲಿಲ್ಲ ಅಂದ ಮಾತ್ರಕ್ಕೆ ಚೆನ್ನಾಗಿದೆ ಅಂತ ಯಾರೂ ಹೇಳೋಕಾಗಲ್ಲ. ಒಳಗಿನ ನಾರು ತುಂಡಾಗಿರೋದು ಹೊರಗೆ ತೋರಲ್ಲ. ವರ್ಷ ಆಗಿದೆಯಾ, ಬದಲಾಯಿಸಿ.

ಮೆಕ್ಕೆಜೋಳ_ರೈತ

ನನ್ನ ಹತ್ತಿರ ಈಗ ಸ್ವಿಫ್ಟ್ ಡೀಸೆಲ್ ಇದೆ. ಅದಕ್ಕೂ ಬೆಲ್ಟ್ ಬದಲಾಯಿಸಬೇಕಾ?

ಗ್ರೀಸ್_ಕೈ

ಸ್ವಿಫ್ಟ್, ಡಿಜೈರ್, ರಿಟ್ಜ್‌ನಲ್ಲಿ ಬಂದ 1.3 ಡೀಸೆಲ್ ಚೈನ್ ಎಂಜಿನ್ ಅಣ್ಣ, ಬೆಲ್ಟ್ ಇಲ್ಲ. ಟಾಟಾ ಜೆಸ್ಟ್, ಫಿಯಟ್ ಪುಂಟೊ ಡೀಸೆಲ್‌ನಲ್ಲೂ ಅದೇ ಎಂಜಿನ್. ಎಟಿಯೋಸ್ ಡೀಸೆಲ್, ಹೋಂಡಾ ಅಮೇಜ್ ಡೀಸೆಲ್, ಇವೂ ಚೈನ್. ಹಳೇ 800, ಓಮ್ನಿ, ಸ್ಯಾಂಟ್ರೊ, ಇಂಡಿಕಾ ಡೀಸೆಲ್, ಫಿಗೊ ಡೀಸೆಲ್ ಬೆಲ್ಟ್. ಐ10 ನೋಡಿ, 1.1 ಆದರೆ ಬೆಲ್ಟ್, 1.2 ಆದರೆ ಚೈನ್. ಹಾಗಾಗಿ ಗಾಡಿ ಹೆಸರು ನೋಡಿ ಹೇಳಬಾರದು, ಎಂಜಿನ್ ನೋಡಿ ಹೇಳಬೇಕು.

ಚೈನ್ ಅಂದ್ರೆ ಜೀವಮಾನ ಪೂರ್ತಿ ಅಂತ ತಿಳ್ಕೋಬೇಡಿ. ಆಯಿಲ್ ಹೊತ್ತಿಗೆ ಸರಿಯಾಗಿ ಚೇಂಜ್ ಮಾಡದಿದ್ದರೆ ಚೈನ್ ಸವೆದು ಉದ್ದ ಆಗುತ್ತೆ, ಅದನ್ನ ಬಿಗಿ ಹಿಡಿಯೋ ಟೆನ್ಶನರ್ ಸೋಲುತ್ತೆ. ಬೆಳಿಗ್ಗೆ ಮೊದಲ ಸ್ಟಾರ್ಟಿನಲ್ಲಿ ಗರಗರ ಸದ್ದು ಬಂದರೆ ತೋರಿಸಿ. ಅದು ಹಲ್ಲು ಜಾರಿದರೂ ಆಗೋದು ಇದೇ ಗತಿ.

ಕಲ್ಲಿನಕೋಟೆ_16

ನನ್ನ ತಮ್ಮನ ಹತ್ತಿರ ಇಕೋಸ್ಪೋರ್ಟ್ 1.0 ಪೆಟ್ರೋಲ್ ಇದೆ. ಅದರಲ್ಲಿ ಬೆಲ್ಟ್ ಎಂಜಿನ್ ಆಯಿಲ್ ಒಳಗೇ ಇರುತ್ತೆ ಅಂತ ಕೇಳಿದೆ. ಆಯಿಲ್ ವಿಷ ಅಂದ್ರಲ್ಲ ಸರ್?

ಬಿಡಿಟಿ_ಹಳೆವಿದ್ಯಾರ್ಥಿ

ಹೌದು, 1.0 ಇಕೋಬೂಸ್ಟ್‌ನಲ್ಲಿ ಬೆಲ್ಟ್ ಆಯಿಲ್‌ನಲ್ಲೇ ಓಡುತ್ತೆ. ಆ ಬೆಲ್ಟಿನ ರಬ್ಬರೇ ಬೇರೆ, ಆಯಿಲ್ ತಡೆಯುವಂಥದ್ದು. ಆದರೆ ಕಂಪನಿ ಹೇಳಿದ ದರ್ಜೆಯ ಆಯಿಲ್ಲೇ ಹಾಕಬೇಕು, ಹೊತ್ತಿಗೆ ಸರಿಯಾಗಿ ಬದಲಾಯಿಸಬೇಕು. ಇಲ್ಲದಿದ್ದರೆ ಬೆಲ್ಟಿನ ಪುಡಿ ಉದುರಿ ಆಯಿಲ್ ಪಂಪಿನ ಜಾಲರಿಗೆ ಕಟ್ಟಿಕೊಳ್ಳುತ್ತೆ. ಆಗ ಬೆಲ್ಟ್ ಕಟ್ ಆಗೋಕೆ ಮುಂಚೆಯೇ ಆಯಿಲ್ ಒತ್ತಡ ಬಿದ್ದು ಎಂಜಿನ್ ಹಿಡಿದುಕೊಳ್ಳುತ್ತೆ. ತಮ್ಮನಿಗೆ ಆಯಿಲ್ ಲೈಟ್ ಒಂದು ಕ್ಷಣ ಮಿಣುಕಿದರೂ ನಿಲ್ಲಿಸೋಕೆ ಹೇಳಿ.

ಬೆಣ್ಣೆನಗರಿ_17

ಗಾಳಿ ಟೆಸ್ಟ್ ಮಾಡಿಸಿದೆ. ಮೊದಲು ಗ್ಯಾರೇಜಿನವರು ಬೇಡ ಅಂದ್ರು. ನಾನು ಪಟ್ಟು ಹಿಡಿದೆ. ಒಂದನೇ ಸಿಲಿಂಡರಿಗೆ ಗಾಳಿ ಬಿಟ್ಟಾಗ ಏರ್ ಫಿಲ್ಟರ್ ಪೈಪಿಗೆ ಕೈ ಅಡ್ಡ ಹಿಡಿದರೆ ಅಂಗೈಗೆ ತಣ್ಣನೆ ಗಾಳಿ ಹೊಡೆಯುತ್ತಿತ್ತು. ನಾಲ್ಕರಲ್ಲಿ ಸೈಲೆನ್ಸರ್ ಕಡೆ. ಮಧ್ಯದ ಎರಡರಲ್ಲಿ ಅಷ್ಟಿಲ್ಲ. ಅದನ್ನ ಕೇಳಿದ ಮೇಲೆ ಮೇಸ್ತ್ರಿಯೇ "ಹೆಡ್ ಇಳಿಸೋಣ ಸರ್" ಅಂದರು.

ಇನ್ನೆರಡು ಪ್ರಶ್ನೆ. ಇನ್ಶೂರೆನ್ಸ್‌ನಲ್ಲಿ ಏನಾದ್ರೂ ಬರುತ್ತಾ? ಹಳೇ ಎಂಜಿನ್ ವಿಚಾರ ಪೂರ್ತಿ ಬಿಡಬಹುದಾ?

ಕಲ್ಲಿನಕೋಟೆ_16

ಇನ್ಶೂರೆನ್ಸ್ ಆಸೆ ಇಟ್ಕೋಬೇಡಿ. ಮಾಮೂಲಿ ಪಾಲಿಸಿಯಲ್ಲಿ ಸವೆತ, ಮೆಕ್ಯಾನಿಕಲ್ ಬ್ರೇಕ್‌ಡೌನ್ ಸೇರಲ್ಲ ಅಂತ ಬರೆದೇ ಇರುತ್ತೆ. ಎಂಜಿನ್ ಪ್ರೊಟೆಕ್ಟ್ ಅಂತ ಹೆಚ್ಚುವರಿ ಕಟ್ಟಿದ್ದರೂ ಅದು ಸಾಮಾನ್ಯವಾಗಿ ನೀರು ನುಗ್ಗಿದ್ದಕ್ಕೆ, ಆಯಿಲ್ ಸೋರಿ ಆದ ಹಾನಿಗೆ. ರೋಡ್ ಸೈಡ್ ಅಸಿಸ್ಟೆನ್ಸ್ ಇದ್ದರೆ ಟೋ ಖರ್ಚು ಕೇಳಿ ನೋಡಿ.

ಹಳೇ ಎಂಜಿನ್ ಹಾಕಿದರೆ ಎಂಜಿನ್ ನಂಬರ್ ಬದಲಾಗುತ್ತೆ. ಆರ್‌ಟಿಒಗೆ ಹೋಗಿ ಆರ್‌ಸಿಯಲ್ಲಿ ಹೊಸ ನಂಬರ್ ಸೇರಿಸಬೇಕು, ಇನ್ಶೂರೆನ್ಸಿಗೂ ತಿಳಿಸಬೇಕು. ಆ ಎಂಜಿನ್ ಎಲ್ಲಿಂದ ಬಂತು ಅನ್ನೋದಕ್ಕೆ ಕಾಗದ ಇಲ್ಲದಿದ್ದರೆ ತಲೆನೋವು ನಿಮ್ಮ ಕೊರಳಿಗೆ. ಹೆಡ್ ರಿಪೇರಿಗೆ ಈ ಗೋಜಿಲ್ಲ, ನಂಬರ್ ಇರೋದು ಬ್ಲಾಕ್ ಮೇಲೆ.

ಗ್ರೀಸ್_ಕೈ

ಜೊತೆಗೆ ಇನ್ನೊಂದು. ತಂದ ಹಳೇ ಎಂಜಿನ್ನಿನಲ್ಲೂ ಇರೋದು ಹಳೇ ಬೆಲ್ಟೇ. ಅದನ್ನ ಯಾರು ಯಾವಾಗ ಹಾಕಿದರೋ ದೇವರಿಗೇ ಗೊತ್ತು. ಬ್ಲಾಕ್ ಒಡೆದಿದ್ದರೆ, ಕನೆಕ್ಟಿಂಗ್ ರಾಡ್ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸೋ ರಾಡ್) ಬೆಂಡ್ ಆಗಿದ್ದರೆ ಮಾತ್ರ ಆ ದಾರಿ ಯೋಚಿಸಿ.

ಲೇತ್_ಕೆಲಸ

ಹೆಡ್ ಕೆಲಸ ಮಾಡೋದೇ ನನ್ನ ಕಸುಬು, ಅದಕ್ಕೇ ಬರೀತಿದ್ದೀನಿ. ಹೆಡ್ ಬಂದ ಮೇಲೆ ಇದಿಷ್ಟು ಕೇಳಿ ಮಾಡಿಸಿ.

ವಾಲ್ವ್ ಬಿಚ್ಚೋ ಮುಂಚೆ ಹೆಡ್ಡನ್ನು ಪೋರ್ಟ್ (ಗಾಳಿ, ಹೊಗೆ ಹೋಗೋ ದಾರಿಯ ಬಾಯಿ) ಮೇಲೆ ಮಾಡಿ ಮಲಗಿಸಿ, ಪೋರ್ಟ್ ಒಳಗೆ ಸೀಮೆಎಣ್ಣೆ ಇಲ್ಲಾಂದ್ರೆ ಪೆಟ್ರೋಲ್ ಹಾಕಿ. ಕೂತಿರೋ ವಾಲ್ವ್ ಸುತ್ತ ಒಣಗಿರುತ್ತೆ. ಬೆಂಡ್ ಆದದ್ದು ಕೂಡಲೇ ಸೋರುತ್ತೆ. ಕೆಲಸ ಎಲ್ಲ ಮುಗಿದ ಮೇಲೂ ಇದೇ ಟೆಸ್ಟ್ ನಿಮ್ಮೆದುರು ಮಾಡಿಸಿ, ಒಂದು ಹನಿಯೂ ಬರಬಾರದು.

ಬೆಂಡ್ ಆದ ವಾಲ್ವನ್ನ ತಟ್ಟಿ ನೆಟ್ಟಗೆ ಮಾಡೋಕೆ ಬಿಡಬೇಡಿ. ನನ್ನ ಅಭಿಪ್ರಾಯ ಕೇಳಿದರೆ ಎಂಟೂ ಹೊಸದು ಹಾಕಿ. ನೋಡೋಕೆ ನೆಟ್ಟಗಿರೋ ವಾಲ್ವಿನ ಕುತ್ತಿಗೆಯಲ್ಲೂ ಕೂದಲಷ್ಟು ಸೀಳು ಇರಬಹುದು. ವಾಲ್ವ್ ಗೈಡ್ (ವಾಲ್ವಿನ ಕಡ್ಡಿ ಜಾರೋ ಕೊಳವೆ) ಆಡುತ್ತಿದೆಯಾ, ಒಡೆದಿದೆಯಾ ನೋಡಿ. ಸ್ಟೆಮ್ ಸೀಲ್ ಎಲ್ಲಾ ಹೊಸದು. ಕ್ಯಾಮ್‌ಶಾಫ್ಟ್ ಕೈಯಲ್ಲಿ ಹಿಡಿದು ಬಿರುಕು ಇದೆಯಾ ನೋಡಿ.

ಹೆಡ್ ಫೇಸಿಂಗ್ (ಹೆಡ್ಡಿನ ತಳ ಉಜ್ಜಿ ಸಮ ಮಾಡೋದು) ಬಗ್ಗೆ ಹುಷಾರು. ಕೆಲವು ಕಡೆ ಕೇಳದೇ ಒಂದು ಕೈ ಹೊಡೆದುಬಿಡುತ್ತಾರೆ. ಡೀಸೆಲ್ ಹೆಡ್ಡಿನಲ್ಲಿ ಲೋಹ ತೆಗೆದರೆ ವಾಲ್ವ್ ಪಿಸ್ಟನ್‌ಗೆ ಇನ್ನೂ ಹತ್ತಿರ ಬರುತ್ತೆ. ಎಷ್ಟೋ ಎಂಜಿನ್ನುಗಳಿಗೆ ಕಂಪನಿಯೇ ಉಜ್ಜಬೇಡಿ ಅಂತ ಹೇಳಿದೆ. ಮೊದಲು ನೇರ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿ ಸಮ ಇದೆಯಾ ನೋಡಬೇಕು. ಸಮ ಇದ್ದರೆ ಸುಮ್ನೆ ಮುಟ್ಟಬಾರದು.

ಬೆಣ್ಣೆನಗರಿ_17

ಹೆಡ್ ಇಳಿಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಪಿಸ್ಟನ್‌ಗಳ ತಲೆ ಕಪ್ಪು ಮಸಿ, ಅದರ ಮೇಲೆ ಉಗುರು ಒತ್ತಿದಂಥ ಹೊಳೆಯುವ ಗುರುತುಗಳು. ವಾಲ್ವ್ ಹೊಡೆದ ಜಾಗ. ಬೆರಳಾಡಿಸಿದರೆ ಸಣ್ಣಗೆ ತಗ್ಗು ಸಿಗುತ್ತೆ, ಒಡೆದಿಲ್ಲ. ನಾಲ್ಕೂ ಪಿಸ್ಟನ್ ಒಂದೇ ಎತ್ತರಕ್ಕೆ ಬರುತ್ತಿವೆ, ಹಾಗಾಗಿ ರಾಡ್ ಬೆಂಡ್ ಆಗಿಲ್ಲ ಅಂದರು ಮೇಸ್ತ್ರಿ. ಸಮಾಧಾನ ಆಯ್ತು.

ಆದರೆ ಮುಖ್ಯ ವಿಚಾರ ಬೇರೆ ಇದೆ. ತುಂಡಾದ ಬೆಲ್ಟನ್ನು ತೊಳೆದು ನೋಡಿದರೆ ಹಲ್ಲುಗಳೆಲ್ಲ ಚೆನ್ನಾಗಿವೆ. ಬೆನ್ನಿನ ಮೇಲೆ ಅಕ್ಷರ ಇನ್ನೂ ಓದೋಕೆ ಬರುತ್ತೆ. ಹಿಂದಿನ ಓನರ್ ಹೇಳಿದ್ದು ನಿಜವೇ, ಬೆಲ್ಟ್ ಹಾಕಿಸಿದ್ದಾರೆ. ಆದರೆ ಒಂದು ಕಡೆಯ ಅಂಚು ಪೂರ್ತಿ ಜುಬ್ಬರು ಜುಬ್ಬರಾಗಿ ಎಳೆ ಬಿಟ್ಟಿದೆ. ವಾಟರ್ ಪಂಪಿನ ಪುಲ್ಲಿ ಹಿಡಿದು ಅಲ್ಲಾಡಿಸಿದರೆ ಆಡುತ್ತೆ, ಅದರ ಕೆಳಗೆ ಕೂಲಂಟ್ ಒಣಗಿ ಉಪ್ಪಿನ ಹಾಗೆ ಕಟ್ಟಿದೆ. ಟೆನ್ಶನರ್ ತಿರುಗಿಸಿದರೆ ಕರಕರ. ಅಂದ್ರೆ ಬರೀ ಬೆಲ್ಟ್ ಬದಲಾಯಿಸಿ, ಪಂಪು, ಟೆನ್ಶನರ್ ಹಳೇದೇ ಬಿಟ್ಟಿದ್ದಾರೆ.

ಗ್ರೀಸ್_ಕೈ

ನನಗೆ ಹೊಟ್ಟೆ ಉರಿಯೋದು ಇಲ್ಲೇ ಅಣ್ಣ. ಬೆಲ್ಟ್ ಒಂದಕ್ಕೆ ಕಮ್ಮಿ ದುಡ್ಡು, ಬೆಲ್ಟ್ ಜೊತೆ ಟೆನ್ಶನರ್ ಸೇರಿದ ಕಿಟ್ಟಿಗೆ ಜಾಸ್ತಿ. ಗಿರಾಕಿ ಬೆಲ್ಟ್ ಸಾಕು ಅಂತಾರೆ, ಮೆಕ್ಯಾನಿಕ್ ಆಯ್ತು ಅಂತಾನೆ. ನಿಮ್ಮ ಎಂಜಿನ್ನಿನಲ್ಲಿ ಆ ಒಂದೇ ಬೆಲ್ಟ್ ಕ್ಯಾಮನ್ನೂ, ಡೀಸೆಲ್ ಹೈ ಪ್ರೆಷರ್ ಪಂಪನ್ನೂ, ವಾಟರ್ ಪಂಪನ್ನೂ ಎಳೆಯುತ್ತೆ. ವಾಟರ್ ಪಂಪಿನ ಬೇರಿಂಗ್ ಆಡಿದರೆ ಪುಲ್ಲಿ ಓರೆಯಾಗುತ್ತೆ, ಬೆಲ್ಟ್ ಪಕ್ಕಕ್ಕೆ ಸರಿದು ಅಂಚು ಉಜ್ಜುತ್ತೆ. ನಿನ್ನೆ ಹಾಕಿದ ಬೆಲ್ಟೂ ಉಳಿಯಲ್ಲ. ಬೆಲ್ಟ್, ಟೆನ್ಶನರ್, ಐಡ್ಲರ್ (ಬೆಲ್ಟಿಗೆ ದಾರಿ ಹಿಡಿಸೋ ಗಾಲಿ) ಇದ್ದರೆ ಅದು, ವಾಟರ್ ಪಂಪ್, ಇಷ್ಟೂ ಒಂದೇ ಸಲ ಹೋಗಬೇಕು. ಬಿಚ್ಚೋ ಕೂಲಿ ಹೇಗೂ ಒಂದೇ. ಕ್ರ್ಯಾಂಕ್, ಕ್ಯಾಮ್ ಆಯಿಲ್ ಸೀಲ್ ಒದ್ದೆ ಇದ್ದರೆ ಅವೂ. ಹೊರಗಿನ ಬೆಲ್ಟೂ ಹೊಸದು ಹಾಕಿ.

ಕಿಟ್ ನಂಬಿಕೆ ಇರೋ ಕಡೆ ಬಿಲ್ ಸಮೇತ ತಗೊಳ್ಳಿ. ಡಬ್ಬಿ ಒರಿಜಿನಲ್ ಇದ್ದು ಒಳಗೆ ಡೂಪ್ಲಿಕೇಟ್ ಇರೋದೂ ಉಂಟು. ಬೆಲ್ಟನ್ನ ಕೈಯಲ್ಲಿ ಹಿಡಿದಾಗ ಮಡಚಬೇಡಿ, ತಿರುಚಬೇಡಿ, ಒಳಗಿನ ನಾರು ಮುರಿಯುತ್ತೆ. ಸ್ಕ್ರೂಡ್ರೈವರ್ ಹಾಕಿ ಮೀಟಿ ಪುಲ್ಲಿಗೆ ಏರಿಸೋರಿಗೆ ಕೆಲಸ ಕೊಡಬೇಡಿ.

ಕೂರಿಸುವಾಗ ಕ್ರ್ಯಾಂಕಿಗೂ ಕ್ಯಾಮಿಗೂ ತಿರುಗದಂತೆ ಹಿಡಿಯೋ ಲಾಕಿಂಗ್ ಪಿನ್ ಹಾಕಿಯೇ ಟೈಮಿಂಗ್ ಹಿಡಿಯಬೇಕು. ಹಳೇ ಬೆಲ್ಟ್ ಬಿಚ್ಚೋ ಮುಂಚೆ ಹಾಕೋ ವೈಟ್‌ನರ್ ಗುರುತು ಈಗ ನಿಮಗೆ ಪ್ರಯೋಜನಕ್ಕಿಲ್ಲ, ಬೆಲ್ಟ್ ಹರಿದ ಮೇಲೆ ಹಳೇ ಗುರುತು ಎಲ್ಲಿಂದ ಬರಬೇಕು? ಪಿನ್ ತೆಗೆದ ಮೇಲೆ ಸ್ಪ್ಯಾನರಿನಲ್ಲಿ ಕೈಯಾರೆ ಎರಡು ಪೂರ್ತಿ ಸುತ್ತು ತಿರುಗಿಸಿ, ಪಿನ್ ಮತ್ತೆ ಸಲೀಸಾಗಿ ಹೋಗುತ್ತಾ ನೋಡಬೇಕು. ಹೋಗದಿದ್ದರೆ ಬಿಚ್ಚಿ ಮತ್ತೆ ಕೂರಿಸಬೇಕು. ಇದು ಆದ ಮೇಲೇ ಬ್ಯಾಟರಿ ವೈರ್.

ಹಿರಿಯೂರು_ಸಾರಥಿ

ಹಿಂದಿನ ಓನರ್ ಬಿಲ್ ಕೊಟ್ಟಿದ್ದರೆ ಕಿಟ್ ಹಾಕಿದ್ದಾರಾ ಬರೀ ಬೆಲ್ಟಾ ಅಂತ ಅವತ್ತೇ ಗೊತ್ತಾಗುತ್ತಿತ್ತು. ಸೆಕೆಂಡ್ ಹ್ಯಾಂಡ್ ಬೆಲ್ಟ್ ಗಾಡಿ ತಗೊಂಡವರು ಕಿಟ್ ಖರ್ಚನ್ನ ಗಾಡಿ ರೇಟಲ್ಲೇ ಸೇರಿಸಿ ಮಾತಾಡಿ. ನಮ್ಮ ಸ್ಟ್ಯಾಂಡಿನಲ್ಲಿ ನಾವೆಲ್ಲ ಹಾಗೇ ಮಾಡೋದು.

ಬೆಣ್ಣೆನಗರಿ_17

ಗಾಡಿ ಸ್ಟಾರ್ಟ್ ಆಯ್ತು. ಎಂಟೂ ವಾಲ್ವ್ ಹೊಸದು, ಹೆಡ್ ಸಮ ಇತ್ತು, ಉಜ್ಜಿಸಲಿಲ್ಲ. ಪೆಟ್ರೋಲ್ ಹಾಕಿ ಸೋರಲ್ಲ ಅಂತ ನೋಡಿದ ಮೇಲೇ ಕೂರಿಸಿದ್ದು. ಕಿಟ್, ವಾಟರ್ ಪಂಪ್, ಸೀಲ್ ಎಲ್ಲಾ ಹೊಸದು. ಬಾತಿ ತನಕ ಹೋಗಿ ಬಂದೆ, ಪಿಕಪ್ ಮೊದಲಿನಷ್ಟೇ ಇದೆ, ಸದ್ದಿಲ್ಲ. ನಿಮಗೆಲ್ಲ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಒಂದು ಕೊನೇ ಪ್ರಶ್ನೆ. ಸ್ವಲ್ಪ ಓಡಿದ ಮೇಲೆ ಹೆಡ್ ಬೋಲ್ಟ್ ಮತ್ತೆ ಟೈಟ್ ಮಾಡಿಸಬೇಕು ಅಂತ ಪಕ್ಕದ ಮನೆಯವರು ಹೇಳುತ್ತಿದ್ದಾರೆ. ಮಾಡಿಸಲಾ?

ಗ್ರೀಸ್_ಕೈ

ಸಂತೋಷ ಅಣ್ಣ. ಬೇಡ, ಮಾಡಿಸಬೇಡಿ. ಹಳೇ ಅಂಬಾಸಿಡರ್ ಕಾಲದ ಬೋಲ್ಟಿಗೆ ಆ ಮಾತು ಸರಿ ಇತ್ತು. ನಿಮ್ಮದರ ಬೋಲ್ಟ್ ಮೊದಲು ಟಾರ್ಕ್ (ಬಿಗಿಯೋ ಬಲ) ಲೆಕ್ಕದಲ್ಲಿ, ಆಮೇಲೆ ಡಿಗ್ರಿ ಲೆಕ್ಕದಲ್ಲಿ ತಿರುಗಿಸಿ ಬಿಗಿಯೋದು. ಮತ್ತೆ ಮುಟ್ಟಿದರೆ ಲೆಕ್ಕ ತಪ್ಪುತ್ತೆ.

ಕೂಲಂಟ್ ಮಟ್ಟವನ್ನ ಕೆಲವು ದಿನ ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ನೋಡಿ. ಒಳಗೆ ಸಿಕ್ಕಿಕೊಂಡ ಗಾಳಿ ಹೋದ ಹಾಗೆ ಒಂದಿಷ್ಟು ಇಳಿಯುತ್ತೆ, ತುಂಬಿಸಿ. ಆಮೇಲೂ ಇಳಿಯುತ್ತಲೇ ಇದ್ದರೆ ತಂದು ತೋರಿಸಿ. 1000 ಕಿ.ಮೀ. ಆದ ಮೇಲೆ ಆಯಿಲ್, ಫಿಲ್ಟರ್ ಒಂದು ಸಲ ಬದಲಾಯಿಸಿ, ಹೆಡ್ ಕೆಲಸದ ಕಸ ಇದ್ದರೆ ಹೋಗುತ್ತೆ. ಬೆಲ್ಟ್ ಹಾಕಿದ ತಾರೀಖು, ಕಿ.ಮೀ., ಏನೇನು ಬದಲಾಯಿಸಿದೆ ಅನ್ನೋದನ್ನ ಸ್ಟಿಕ್ಕರ್ ಮೇಲೆ ಬರೆದು ಬಾನೆಟ್ ಒಳಗೆ ಅಂಟಿಸಿ, ಬಿಲ್ಲನ್ನ ಆರ್‌ಸಿ ಜೊತೆ ಇಡಿ. ಮುಂದೆ ಗಾಡಿ ಮಾರಿದರೂ ತಗೊಳ್ಳೋರಿಗೆ ಅದನ್ನ ಕೊಡಿ.